ರೋಜಾ ಇದ್ದವನ ಸೀಸೆ

"ತಿನ್ರಿ ಫೌಜದಾರ್ ಸಾಬ್, ಬಾಯಿ ಸಿಹಿ ಮಾಡ್ಕೋರಿ. ನನ್ನ ರಿಪೋರ್ಟ್ ಸಾಫ್ ಬಂದದ!"

ಬಂದೇನವಾಜ್ ಸುರಕುಂಬಾ ಪಾಯಸದ ಬಟ್ಟಲನ್ನು ನನ್ನ ಕೈಗೆ ತುರುಕಿದ. ಅವನ ಉಗುರಿನ ಸಂದಿ, ಅಂಗೈಯ ಗೆರೆ, ಕಿವಿಯ ಮಡಿಕೆ ಎಲ್ಲ ಹಳದಿ. ಈದ್ ಹಬ್ಬಕ್ಕೆ ಸಾಬೂನು ಸವೆಸಿ ತಿಕ್ಕಿದರೂ ಹೋಗದ ಹಳದಿ ಅದು. ಹುಮನಾಬಾದಿನ ಹೊರಗಿರುವ ಬಣ್ಣದ ಕಾರ್ಖಾನೆಯ ತೊಟ್ಟಿಯಲ್ಲಿ ವರ್ಷಗಟ್ಟಲೆ ಇಳಿದು ಹತ್ತಿದ ಮೈ.

ಅದೇ ತೊಟ್ಟಿಯಲ್ಲಿ ಅವನ ಜೋಡಿಯಾಗಿ ದುಡಿಯುತ್ತಿದ್ದ ಮಂಠಾಳದ ಮಡೆಪ್ಪ ಈ ಯುಗಾದಿಯ ಮುಂಚೆ ರಕ್ತದ ಉಚ್ಚೆ ಹೊಯ್ದು ಹೊಯ್ದು ಸತ್ತಿದ್ದ. ಅವನ ಹೆಂಡತಿ ದ್ರೌಪತಿ ನನ್ನ ಹೊಸ್ತಿಲ ಮೇಲೆ ಬಂದು ಕೂತು ಏಳದೇ ಇದ್ದುದರಿಂದ ನಾನು ಈ ಪತ್ತೆಗೆ ಇಳಿದೆ. ಪೊಲೀಸ್ ನೌಕರಿಗೆ ರಾಜೀನಾಮೆ ಬಿಸಾಕಿ ಎಷ್ಟೋ ಕಾಲವಾಯಿತು, ಆದರೂ ಈ ಕಡೆಯ ಜನರಿಗೆ ವೈಜನಾಥನೆಂದರೆ ಇನ್ನೂ ಫೌಜದಾರನೇ. ದ್ರೌಪತಿ ಈಗಲೂ ಬಾಗಿಲ ಹತ್ತಿರ ಕೂತಿದ್ದಳು. ಅವಳ ಮುಂದಿಟ್ಟ ಬಟ್ಟಲನ್ನು ಅವಳೂ ಮುಟ್ಟಿರಲಿಲ್ಲ.

"ರಕ್ತ ಬರೂದು ನಿಂತದೇನು?" ಎಂದೆ.

"ಒಂದ್ ದಿನ ಬರತದ, ನಾಕ್ ದಿನ ಇರಲ್ಲ. ಗರ್ಮಿರೀ ಅದು. ಹೈದ್ರಾಬಾದಿನ ಲ್ಯಾಬಿನವರೇ ಸಾಫ್ ಅಂದಾರ. ನಿಮ್ಮ ದಿಗಂಬರ ಡಾಕ್ಟರ್ ಸಾಬ್ ಈದ್ ಹಿಂದಿನ ದಿನ ತಾವೇ ಇಲ್ಲಿ ತನಕ ಬಂದು, ನನಗ ಎದಿಗೆ ಅಪ್ಪಿಕೊಂಡು ಮುಬಾರಕ್ ಅಂದು ಹೋದ್ರು. ನೀವ್ ನೋಡಿದ್ರ ಮಾರಿ ಗಂಟ ಹಾಕ್ಕೊಂಡ್ ಕುಂತೀರಿ."

ಗಂಟು ಹಾಕಿಕೊಳ್ಳದೆ ಏನು ಮಾಡಲಿ? ಮೂತ್ರಚೀಲದಲ್ಲಿ ಗಡ್ಡೆ ಇದ್ದರೆ ಅದರ ಮೈಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಕರಗುತ್ತದೆ. ಹಾಗೆ ಕರಗಿದ ಪ್ರೋಟೀನಿನ ಚೂರುಗಳು ಮೂತ್ರಕ್ಕೆ ಇಳಿಯುತ್ತವೆ. ಕಣ್ಣಿಗೆ ರಕ್ತ ಕಾಣದ ದಿನವೂ ಅವು ಸಿಗುತ್ತವೆ. ಅವನ್ನು ಹಿಡಿಯುವ ಹೊಸ ಪರೀಕ್ಷೆಯೊಂದನ್ನು ಹೈದರಾಬಾದಿನ ಪ್ರಯೋಗಶಾಲೆಯಲ್ಲಿ ಮಾಡುತ್ತಿದ್ದರು. ಅಲ್ಲಿಯವರ ಕೈಕಾಲು ಹಿಡಿದು ನಮ್ಮ ತೊಟ್ಟಿಯ ಕೆಲಸಗಾರರಿಗೂ ಮಾಡಿಕೊಡಿ ಎಂದು ಒಪ್ಪಿಸಿದವನು ಬಸವಕಲ್ಯಾಣದ ಡಾಕ್ಟರ್ ದಿಗಂಬರ, ನನ್ನ ಬಾಲ್ಯದ ಗೆಳೆಯ. ಗಡ್ಡೆ ಎಂದು ಬಂದಿದ್ದರೆ ಸೋಮವಾರ ಬಂದೇನವಾಜನಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ಹಾಸಿಗೆ ಸಿದ್ಧವಿತ್ತು. ಬೇಗ ಕತ್ತರಿಸಿದರೆ ಬದುಕುತ್ತಾನೆ ಎಂದಿದ್ದರು. ಸಾಫ್ ಎಂದು ಬಂತು, ಹಾಸಿಗೆ ಇನ್ನೊಬ್ಬರ ಪಾಲಾಯಿತು. ನಾಳೆ ಬೆಳಗಾದರೆ ಇವನು ಮತ್ತೆ ತೊಟ್ಟಿಗೆ.

"ಇನ್ನೊಮ್ಮೆ ಬಾಟ್ಲಿ ಕೊಡು ಬಂದೇನವಾಜ್."

ಅವನ ನಗು ಹಾರಿಹೋಯಿತು. "ಯಾಕ? ನಾ ಬೀಮಾರ್ ಅದೀನಿ ಅಂತ ಬರಲಿ ಅಂತೇನು? ಮಾಲಕರು ಒಂದೇ ಮಾತು ಹೇಳ್ಯಾರ. ಸಾಫ್ ಇದ್ರ ಕೆಲಸ, ಖರಾಬ್ ಇದ್ರ ಮನಿ. ಮಡೆಪ್ಪನ ಹಣೇಬರಹ ನನ್ನ ಹಣಿಗೆ ಅಂಟಸಬ್ಯಾಡ್ರಿ!"

ದ್ರೌಪತಿ ತಲೆಯ ಸೆರಗು ಬಿಗಿದುಕೊಂಡಳು. ಅವಳು ಬಾಯಿ ಬಿಡುವ ಮೊದಲೇ ಅವನು ಎದೆ ಬಡಿದುಕೊಂಡು ಮುಂದುವರಿಸಿದ.

"ನೋಡ್ರಿ ನನ್ನ ಕಡಿ. ಬೀಮಾರ್ ಮನಷ್ಯಾ ಹಿಂಗ ಇರ್ತಾನೇನು? ಇಡೀ ರಂಜಾನ್ ಒಂದೂ ರೋಜಾ ಬಿಟ್ಟಿಲ್ಲ. ಮಳಿ ಕೈಕೊಟ್ಟ ಬಿಸಿಲಾಗ, ತೊಟ್ಟಿ ಉಗಿಯೊಳಗ ನಿಂತೀನಿ. ಒಂದ್ ಗುಟುಕು ನೀರ್ ಕುಡದಿಲ್ಲ, ಕಸಮ್ ಖುದಾ ಕೀ."

ನನ್ನ ಕೈಯ ಚಮಚ ಬಟ್ಟಲಲ್ಲೇ ನಿಂತಿತು.

"ಬಾಟ್ಲಿ ಕೊಟ್ಟ ದಿನ?"

"ಆ ದಿನಾನೂ ರೋಜಾ. ಅಜೀಮುದ್ದೀನಗ ಕೇಳ್ರಿ, ಅವನೂ ನನ್ನ ಜೋಡಿನೇ ಕೊಟ್ಟಾನ. ಅಸರ್ ನಮಾಜಿನ ಹೊತ್ತದು. ಇಬ್ಬರದೂ ಎಷ್ಟ್ ಹಳದಿ ಇತ್ತಂದ್ರ, ಇದು ತೊಟ್ಟೀದೋ ನಮ್ಮದೋ ಅಂತ ನಗಾಡೀವಿ."

ಆ ಎರಡು ಸೀಸೆಗಳ ಅರ್ಧರ್ಧ ಭಾಗ ಬಸವಕಲ್ಯಾಣದಲ್ಲಿ ದಿಗಂಬರನ ಲಸಿಕೆಯ ಫ್ರಿಜ್ಜಿನಲ್ಲಿ ಇತ್ತು. ಹಾಗೆ ಇಡಬೇಕೆಂದು ಪ್ರಯೋಗಶಾಲೆಯವರ ನಿಯಮ. ಹೋದ ವಾರ ನಾನು ನೋಡಿದ್ದೆ. ಅಜೀಮುದ್ದೀನನ ಸೀಸೆ ಚಹಾದ ಡಿಕಾಕ್ಷನ್ನಿನ ಬಣ್ಣ. ಬಂದೇನವಾಜನ ಹೆಸರು ಅಂಟಿಸಿದ ಸೀಸೆ ಬಾವಿಯ ನೀರು.

ಬೆಳಗಿನ ಜಾವದಿಂದ ಹನಿ ನೀರು ಮುಟ್ಟದ ಮನುಷ್ಯ, ಬೆಂಕಿಯಂಥ ಬಿಸಿಲಲ್ಲಿ ಬೆವರಿಳಿಸಿದ ಮನುಷ್ಯ, ಸಂಜೆಯ ಮುಂದೆ ನೀರಿನಂಥ ಮೂತ್ರ ಹೊಯ್ಯುವುದುಂಟೇ?

ಸೀಸೆ ಬದಲಿಸಿದವನು ಎಲ್ಲ ಲೆಕ್ಕ ಹಾಕಿದ್ದ. ರಂಜಾನನ್ನು ಮಾತ್ರ ಮರೆತಿದ್ದ. ತಾನು ಬಿಂದಿಗೆಗಟ್ಟಲೆ ಕುಡಿದವನಿಗೆ ಇನ್ನೊಬ್ಬನ ಒಣಗಿದ ಗಂಟಲು ಎಲ್ಲಿಂದ ನೆನಪಾಗಬೇಕು?

ನನ್ನ ನೆತ್ತಿಗೆ ಸಿಟ್ಟೇರಿತು. ಬಟ್ಟಲು ಕೆಳಗಿಟ್ಟು ಎದ್ದೆ.

"ನಡಿ ದ್ರೌಪತಿ."

---

ಕಾರ್ಖಾನೆಯ ದವಾಖಾನೆ ಎಂದರೆ ಗೋದಾಮಿನ ಒಂದು ಮೂಲೆ. ಈ ಕಪಾಟಿನಲ್ಲಿ ಅಯೋಡಿನ್, ಹತ್ತಿ. ಆ ಕಪಾಟಿನಲ್ಲಿ ಹಳದಿ ಪುಡಿಯ ಡಬ್ಬಿಗಳು. ಮಾಲೀಕ ಮಹಾರುದ್ರಪ್ಪ ಎಂಥ ಜಿಪುಣನೆಂದರೆ, ಪುಡಿ ತೂಗಲು ಬೇರೆ ಆಳು ಯಾಕೆ, ಕಾಂಪೌಂಡರ್ ಖಾಲಿಯೇ ಕೂತಿರುತ್ತಾನಲ್ಲ ಎಂದು ಆ ಕೆಲಸವನ್ನೂ ಜ್ಞಾನೇಶ್ವರನ ತಲೆಗೆ ಕಟ್ಟಿದ್ದ. ನಾವು ಹೋದಾಗ ಅವನು ತಕ್ಕಡಿಯ ಮುಂದೆ ಮೂಗಿಗೆ ದಸ್ತಿ ಕಟ್ಟಿಕೊಂಡು ನಿಂತಿದ್ದ. ದಸ್ತಿಯೂ ಹಳದಿ.

ಆ ದಿನ ಎರಡೂ ಸೀಸೆಗಳನ್ನು ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಒಯ್ದವನು ಇವನೇ. ಮಾಲೀಕನ ಉಪ್ಪು ತಿಂದವನು. ನನ್ನ ಅನುಮಾನ ಬೇರೆ ಯಾರ ಮೇಲೂ ಹೋಗುವ ಹಾಗಿರಲಿಲ್ಲ.

"ಡಾಕ್ಟರ್ ಕರೀಲಿಕತ್ಯಾರ, ನಡಿ," ಎಂದು ಸುಳ್ಳು ಹೇಳಿದೆ.

ಯಾಕೆ ಎಂದು ಕೂಡ ಕೇಳದೆ ಹೊರಟುಬಿಟ್ಟ. ಬಸ್ಸಿನಲ್ಲಿ ನನ್ನ ಪಕ್ಕವೇ ಕೂತ.

"ಡಾಕ್ಟರ್ ಕರದ್ರ ನಾ ಬೆಂಕ್ಯಾಗೂ ಬರ್ತೀನ್ರಿ," ಎಂದ. "ನನ್ನ ಹೆಂಡ್ತಿ ಕೇಶರಬಾಯಿ ಹೆರಿಗಿಯೊಳಗ ಕೈಬಿಟ್ಟ್ ಹೋದಾಕಿ. ಅವರೇ ತಿರುಗಿಸಿ ತಂದು ಕೊಟ್ಟಾರ. ಒಂದ್ ಪೈಸಾ ಮುಟ್ಟಿಲ್ಲ."

ಹಿಂದಿನ ಸೀಟಿನಿಂದ ದ್ರೌಪತಿ ಅವನ ಬೆನ್ನನ್ನೇ ನೋಡುತ್ತಿದ್ದಳು.

---

ದಿಗಂಬರನ ದವಾಖಾನೆ ಅವನ ಮನೆಯ ಮುಂಭಾಗದಲ್ಲೇ. ಮಧ್ಯಾಹ್ನದ ರೋಗಿಗಳು ಹೋಗಿದ್ದರು. ನಮ್ಮ ಮೂವರನ್ನು ಒಟ್ಟಿಗೆ ಕಂಡು ಅವನ ಹುಬ್ಬು ಮೇಲೇರಿತು.

"ಏನೋ ವೈಜನಾಥ, ದಂಡು ಕಟ್ಕೊಂಡ್ ಬಂದಿ?"

"ಆ ಎರಡ್ ಸೀಸೆ ತೆಗಿ."

ನನ್ನ ದನಿ ಕೇಳಿ ಅವನು ತಮಾಷೆ ನಿಲ್ಲಿಸಿದ. ಫ್ರಿಜ್ಜಿನಿಂದ ಸೀಸೆಗಳನ್ನು ತಂದು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟ. ಪಕ್ಕದಲ್ಲಿದ್ದ ತಂಬಿಗೆಯೆತ್ತಿ ಗಟಗಟನೆ ನೀರು ಕುಡಿದ. ನಾನು ಎರಡೂ ಸೀಸೆಗಳ ಅರಗು ಒಡೆದು ಬೆಳಕಿಗೆ ಹಿಡಿದೆ. ಸಿಟ್ಟಿನ ಕೈ, ಬಂದೇನವಾಜನ ಸೀಸೆಯಿಂದ ಒಂದಿಷ್ಟು ಮೇಜಿನ ಮೇಲೆ ತುಳುಕಿತು.

"ಜ್ಞಾನೇಶ್ವರ, ಇಬ್ಬರೂ ರೋಜಾ ಇದ್ದವರು. ಇಬ್ಬರೂ ಒಂದೇ ಹೊತ್ತಿಗೆ ಕೊಟ್ಟವರು. ಒಬ್ಬಂದು ಡಿಕಾಕ್ಷನ್, ಒಬ್ಬಂದು ನೀರು. ಹ್ಯಾಂಗ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಯಿತು.

"ನನಗೇನ್ ಗೊತ್ತ್ರಿ? ಕೊಟ್ಟಿದ್ದು ತಂದೀನಿ."

"ಸುಳ್ಳ!" ದ್ರೌಪತಿ ಒಂದೇ ನೆಗೆತಕ್ಕೆ ಅವನ ಕೊರಳಪಟ್ಟಿ ಹಿಡಿದಳು. "ನನ್ನ ಗಂಡ ಕಾಲು ಮಡಚಿ ಒದ್ದಾಡೂ ಮುಂದ ನೀ ಬಂದು ಸೋಡಾ ಪುಡಿ ಕೊಟ್ಟ್ ಹೋಗಿದ್ದಿ. ಉಷ್ಣ ಆಗ್ಯಾದಂತ ಹೇಳಿದ್ದಿ. ಈಗ ಇನ್ನೊಬ್ಬನ್ನ ಮಣ್ಣಾಗ ಹಾಕಲಿಕ್ಕ ನಿಂತೀಯೇನು? ಯಾರ್ ಹೇಳ್ಯಾರ? ಆ ಮಹಾರುದ್ರಪ್ಪ ಹೇಳ್ಯಾನೇನು? ಬೊಗಳು!"

"ಬಿಡವ್ವ, ಉಸಿರು ಕಟ್ಟತದ..."

"ಕಟ್ಟಲಿ!"

ನಾನು ಬಿಡಿಸಲಿಲ್ಲ. ಬಿಡಿಸುವ ಮನಸ್ಸೂ ಇರಲಿಲ್ಲ. ದಿಗಂಬರನೇ ಬಂದು ಬಿಡಿಸಿದ. ಜ್ಞಾನೇಶ್ವರ ಅವನ ಮುಖವನ್ನೊಮ್ಮೆ ನೋಡಿದ, ಆಮೇಲೆ ನೆಲ ನೋಡಿದ.

"ನಾನೇ ಮಾಡೀನ್ರಿ," ಎಂದ. "ಬಸ್ಸಿನ ಧಕ್ಕಿಗೆ ಬಂದೇನವಾಜನ ಬಾಟ್ಲಿ ಒಡೀತು. ಡಾಕ್ಟರ್ ಬೈತಾರಂತ ಅಂಜಿ, ಇಲ್ಲೇ ಸ್ಟ್ಯಾಂಡಿನಾಗ ಇಳಿದು, ಬ್ಯಾರೆ ಬಾಟ್ಲಿಗೆ ನಂದೇ ತುಂಬಿ ಕೊಟ್ಟೀನಿ. ಯಾರೂ ಹೇಳಿಲ್ಲ. ತಪ್ಪು ನಂದೇ."

ದಿಗಂಬರ ಉಸಿರು ಬಿಟ್ಟ. "ಅಷ್ಟೇ ಏನು? ಹೆಡ್ಡ ಸೂಳೇಮಗನ, ಅವತ್ತೇ ಹೇಳಬಾರದಾಗಿತ್ತಾ? ಹೋಗಲಿ ವೈಜನಾಥ, ಆದದ್ದು ಆತು. ದೀಪಾವಳಿ ಹೊತ್ತಿಗೆ ಮತ್ತ ಬಾಟ್ಲಿ ಕಳಸೋಣು."

"ದೀಪಾವಳಿ ತನಕ ಅವಾ ಇರ್ತಾನೇನು?" ಎಂದು ನಾನು ಕೂಗಿದೆ.

ಅವನು ಮತ್ತೆ ತಂಬಿಗೆಗೆ ಕೈ ಹಾಕಿದ.

ಕಥೆ ಚೆನ್ನಾಗಿತ್ತು. ಒಡೆಯುವ ಬಾಟಲಿ, ಅಂಜುಬುರುಕ ಕಾಂಪೌಂಡರ್, ಕೆಟ್ಟ ರಸ್ತೆ. ನಂಬಲು ಏನೂ ಅಡ್ಡಿಯಿರಲಿಲ್ಲ. ಆದರೆ ಅಷ್ಟು ಹೊತ್ತು ಗೊತ್ತಿಲ್ಲ ಎಂದವನು ಒಮ್ಮೆಗೇ ಅಚ್ಚುಕಟ್ಟಾಗಿ ಒಪ್ಪಿಕೊಂಡರೆ ನನಗೆ ಮೈ ಉರಿಯುತ್ತದೆ. ಪೊಲೀಸ್ ಠಾಣೆ ಕಲಿಸಿದ ಗುಣ, ಸಾಯುವ ತನಕ ಬಿಡುವುದಿಲ್ಲ.

"ನಿಂದೇ ಅಂದ್ರ ಈಗೊಂದು ಬಾಟ್ಲಿ ಕೊಡು. ತಾಳೆ ಹಾಕಿ ನೋಡೋಣು."

"ಈಗ್ಯಾಕ ಅದೆಲ್ಲ?" ಎಂದ ದಿಗಂಬರ.

"ಈಗೇ."

ಜ್ಞಾನೇಶ್ವರ ಹಿತ್ತಲಿಗೆ ಹೋಗಿ ಬಂದ. ದಿಗಂಬರ ಸ್ಪಿರಿಟ್ ದೀಪ ಹಚ್ಚಿದ. ಇದು ಹೈದರಾಬಾದಿನ ಹೊಸ ಪರೀಕ್ಷೆಯಲ್ಲ. ಯಾವ ದವಾಖಾನೆಯಲ್ಲಾದರೂ ಮಾಡುವ ಹಳೆಯ ಪದ್ಧತಿ. ಗಾಜಿನ ನಳಿಗೆಯಲ್ಲಿ ಮೂತ್ರ ಹಾಕಿ ಕಾಸಿದರೆ, ಅದರಲ್ಲಿ ಪ್ರೋಟೀನು ಇದ್ದಾಗ ಬೆಂದ ಮೊಟ್ಟೆಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಇಲ್ಲದಿದ್ದರೆ ತಿಳಿಯಾಗಿಯೇ ಇರುತ್ತದೆ.

ಮೊದಲು ಬಂದೇನವಾಜನ ಹೆಸರಿನ ಸೀಸೆಯದು. ಕುದಿಯಿತು. ತಿಳಿಯಾಗಿಯೇ ಉಳಿಯಿತು.

"ನೋಡಿದ್ರ್ಯಾ? ಸಾಫ್. ನಂದೇ ಅದು," ಎಂದ ಜ್ಞಾನೇಶ್ವರ.

ಆಮೇಲೆ ಅವನದು. ನಳಿಗೆಯ ಮೇಲ್ಭಾಗ ಬಿಸಿಯಾಗುತ್ತಿದ್ದ ಹಾಗೆ ಒಂದು ಬಿಳಿಯ ಎಳೆ ಕಂಡಿತು. ನೋಡನೋಡುತ್ತ ಮೋಡದಂತೆ ಹರಡಿ, ಒಡೆದ ಹಾಲಿನ ಹಾಗೆ ಕೆಳಗಿಳಿಯಿತು. ದಿಗಂಬರ ಆಸಿಡ್ಡಿನ ಎರಡು ಹನಿ ಬಿಟ್ಟ. ಕರಗಲಿಲ್ಲ, ಇನ್ನೂ ದಟ್ಟವಾಯಿತು.

ಮೊದಲು ತಿಳಿದದ್ದು ಜ್ಞಾನೇಶ್ವರನಿಗೇ, ಕಾಂಪೌಂಡರ್ ಅಲ್ಲವೇ. ಅವನು ನಳಿಗೆಯನ್ನು ನೋಡಿದ, ತನ್ನ ಹಳದಿ ಬೆರಳುಗಳನ್ನು ನೋಡಿಕೊಂಡ.

"ಇದು ನಂದಲ್ರಿ," ಎಂದ. "ನಾ ತೊಟ್ಟಿಗೇ ಇಳಿದಿಲ್ಲ. ನಾ ಬರೇ ಪುಡಿ ತೂಗ್ತೀನಿ. ಬರೇ ತೂಗ್ತೀನ್ರಿ ಡಾಕ್ಟರ್!"

ಕೈ ಜಾಡಿಸಿದ ರಭಸಕ್ಕೆ ನಳಿಗೆ ಮೇಜಿನ ಮೇಲೆ ಬಿದ್ದು ಚೂರಾಯಿತು.

"ಇದಿಷ್ಟರಿಂದ ಗಡ್ಡಿ ಅಂತ ಹೇಳಲಿಕ್ಕಾಗಲ್ಲ," ಎಂದ ದಿಗಂಬರ. ಅವನ ದನಿ ಒಣಗಿತ್ತು. "ಕಿಡ್ನಿದೂ ಇರಬಹುದು, ನಂಜೂ ಇರಬಹುದು. ಒಳಗ ಏನೋ ಕೆಟ್ಟದ, ಅಷ್ಟೇ. ನನಗ ಗೊತ್ತಿರಲಿಲ್ಲೋ ಜ್ಞಾನ್ಯಾ. ಖರೇನೇ ಗೊತ್ತಿರಲಿಲ್ಲ."

ದ್ರೌಪತಿ ಜ್ಞಾನೇಶ್ವರನನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದಳು. "ಇವನಿಗೂ ಹತ್ಯಾದ," ಎಂದಳು. "ಹಾಳಾಗಿ ಹೋಗಲಿ ಆ ಕಾರಖಾನಿ. ಔಷಧ ಕೊಡಾಂವಗೂ ಬಿಟ್ಟಿಲ್ಲ."

ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಅದಕ್ಕೆ ಈಗ ಇನ್ನೊಂದು ದಿಕ್ಕು ಸಿಕ್ಕಿತ್ತು. ಇವನದು ಬಿಳಿ ಮೋಡ, ಸೀಸೆಯದು ತಿಳಿ. ಅಂದ ಮೇಲೆ ಸೀಸೆಯಲ್ಲಿದ್ದದ್ದು ಇವನದಲ್ಲ. ತನಗೆ ಬಂದಿರುವ ಬೇನೆ ಗೊತ್ತಿಲ್ಲದೆ ಈ ಮುಠ್ಠಾಳ ಇನ್ನೊಬ್ಬರ ಪಾಪವನ್ನು ಹೊತ್ತುಕೊಳ್ಳುತ್ತಿದ್ದ.

ಅವನ ಭುಜ ಹಿಡಿದು ಅಲುಗಾಡಿಸಿದೆ. "ಯಾರನ್ನ ಕಾಯಾಕತ್ತೀದಿ? ಮಾಲಕನ್ನ? ನಿನ್ನ ಕೈಲಿ ವಿಷ ತೂಗಿಸಿದವನ್ನ?"

"ಮಾಲಕರಲ್ರಿ." ಅವನು ಅಳುತ್ತಿದ್ದ. "ಕೇಳಬ್ಯಾಡ್ರಿ. ನನ್ನ ಕೊಂದ್ರೂ ನಾ ಹೇಳಲ್ಲ."

ಮಾಲೀಕನಲ್ಲ! ಕೊಂದರೂ ಹೇಳುವುದಿಲ್ಲ ಎಂದು ಯಾರಿಗಾಗಿ ಅನ್ನುತ್ತಾನೆ ಈ ಬಡಪಾಯಿ? ನಾನು ತಲೆ ತಗ್ಗಿಸಿ ಮೇಜನ್ನೇ ದಿಟ್ಟಿಸಿದೆ.

ಅಲ್ಲಿ ಎರಡು ಕಡೆ ಒದ್ದೆಯಾಗಿತ್ತು. ನಳಿಗೆ ಒಡೆದಲ್ಲಿ ಜ್ಞಾನೇಶ್ವರನದು. ಕಿಟಕಿಯ ಕಡೆ, ನಾನು ಅರಗು ಒಡೆಯುವಾಗ ತುಳುಕಿದ ಆ ನೀರಿನಂಥದ್ದು. ಕಿಟಕಿಯ ಚೌಕಟ್ಟಿನ ಬಿರುಕಿನಿಂದ ಕೆಂಪಿರುವೆಗಳ ಸಾಲು ಇಳಿದು ಬಂದಿತ್ತು. ಜ್ಞಾನೇಶ್ವರನದರ ಹತ್ತಿರ ಒಂದೂ ಸುಳಿದಿರಲಿಲ್ಲ. ಎಲ್ಲವೂ ಆ ಇನ್ನೊಂದು ಹನಿಯ ಅಂಚಿಗೆ ಬಾಯಿ ಹಚ್ಚಿ ಮುತ್ತಿಕೊಂಡಿದ್ದವು, ಪಾಕ ಚೆಲ್ಲಿದ ಹಾಗೆ.

ಅಂಗಳದಲ್ಲಿ ಮುದುಕರು ಉಚ್ಚೆ ಹೊಯ್ದಲ್ಲಿ ಇರುವೆ ಕೂಡಿದರೆ ನಮ್ಮ ಅಜ್ಜಿಯಂದಿರು ಸಿಹಿಮೂತ್ರ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ. ಇದ್ದವರಿಗೆ ಎಷ್ಟು ಕುಡಿದರೂ ನೀರಡಿಕೆ ಹೋಗುವುದಿಲ್ಲ, ಮೂತ್ರ ಸದಾ ನೀರೇ.

ನಾನು ಮಹಾರುದ್ರಪ್ಪನನ್ನು ನೆನೆದೆ. ಹೋಳಿಗೆಯ ಮೇಲೆ ಮತ್ತೆ ಸಕ್ಕರೆ ಉದುರಿಸಿಕೊಂಡು ತಿಂದು, ತೇಗುವ ಮನುಷ್ಯ. ಅವನಿಗೆ ಆ ಕಾಯಿಲೆಯಿಲ್ಲ. ಮತ್ತೆ ಯಾರು? ಹುಮನಾಬಾದಿನಿಂದ ಬಂದ ಸೀಸೆಯನ್ನು ಮುಟ್ಟಿದವರು ಬೇರೆ ಯಾರು?

ಒಳಬಾಗಿಲ ಪರದೆ ಸರಿಯಿತು. ದಿಗಂಬರನ ಹೆಂಡತಿ ಶಕುಂತಲಾಬಾಯಿ ಚಹಾದ ತಟ್ಟೆ ಹಿಡಿದು ಬಂದಳು. ಒಡೆದ ಗಾಜು, ಅಳುತ್ತಿರುವ ಕಾಂಪೌಂಡರ್, ಏನೂ ಅವಳಿಗೆ ಅರ್ಥವಾಗಲಿಲ್ಲ. ಜಗಳ ಎಂದುಕೊಂಡಳೇನೋ, ಸಮಾಧಾನಕ್ಕೆಂಬಂತೆ ನಕ್ಕಳು.

"ಮೊದಲ್ ಚಾ ಕುಡೀರಿ ಎಲ್ಲಾರೂ. ಆಮ್ಯಾಲ ಬಡದಾಡ್ರಿ."

ನಾನು ಹತ್ತಿರದ ಕಪ್ಪಿಗೆ ಕೈ ಚಾಚಿದೆ.

"ಅದಲ್ಲ ವೈಜನಾಥಣ್ಣ, ಅದು ಇವರದು. ಸಕ್ಕರಿ ಹಾಕಿಲ್ಲ. ನೀವು ಈ ಕಡೀದು ತಗೋರಿ."

ಚಾಚಿದ ಕೈ ಹಾಗೇ ನಿಂತಿತು. ದಿಗಂಬರ ಅವಳಿಗೆ ಕಣ್ಣಿನಲ್ಲೇ ಏನೋ ಹೇಳಲು ಹೋದ. ತಡವಾಗಿತ್ತು.

"ಯಾವಾಗಿಂದ ವೈನಿ?" ಎಂದು ಕೇಳಿದೆ.

"ಎರಡ್ ವರ್ಷ ಆತು. ಡಾಕ್ಟರಿಗೇ ಸಕ್ಕರಿ ಬ್ಯಾನಿ ಅಂದ್ರ ಜನ ನಗ್ತಾರಂತ ಯಾರ ಮುಂದೂ ಹೇಳಗೊಡಲ್ಲ. ನಿಮ್ಮ ಮುಂದ ಏನ್ ಮುಚ್ಚೂದು?"

ಅವಳು ಒಳಗೆ ಹೋದಳು. ನಾನು ಸಕ್ಕರೆಯಿಲ್ಲದ ಕಪ್ಪನ್ನು ಎತ್ತಿ, ಇರುವೆ ಮುತ್ತಿದ ಹನಿಯ ಪಕ್ಕಕ್ಕೆ, ದಿಗಂಬರನ ಮುಂದಿಟ್ಟೆ. ಬೇಲಿಯೇ ಎದ್ದು ಹೊಲ ಮೇಯುವುದೆಂದು ಕೇಳಿದ್ದೆ. ಆ ಬೇಲಿ ನನ್ನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಅಕ್ಷರ ಕಲಿತದ್ದು. ಅವನ ಕೆನ್ನೆಗೆ ಬಾರಿಸಲು ನನ್ನ ಅಂಗೈ ಉರಿಯುತ್ತಿತ್ತು.

"ಬಂದೇನವಾಜನ ಮೂತ್ರ ಎಲ್ಲಿ ಚೆಲ್ಲಿದಿ, ದಿಗಂಬರ?"

ಅವನು ಇರುವೆಗಳನ್ನು ನೋಡಿದ.

"ಚೆಲ್ಲಿಲ್ಲ," ಎಂದ. "ಸಾಫ್ ರಿಪೋರ್ಟಿಗೆ ಮಹಾರುದ್ರಪ್ಪ ರೊಕ್ಕ ಕೊಟ್ಟಿದ್ದ, ಖರೇ ಏನದ ಅಂತ ನನಗೂ ತಿಳೀಬೇಕಾಗಿತ್ತು. ಅದೂ ಹೈದ್ರಾಬಾದಿಗೇ ಹೋಗ್ಯಾದ. ಬ್ಯಾರೆ ಹೆಸರಿನ ಮ್ಯಾಲ ಕಳಿಸಿದ್ದೆ."

"ಯಾರ ಹೆಸರಿನ ಮ್ಯಾಲ?"

ಅವನು ದ್ರೌಪತಿಯ ಕಡೆ ಕಣ್ಣೆತ್ತಿದ, ಕೂಡಲೇ ಇಳಿಸಿದ.

"ಮಡೆಪ್ಪನ ಹೆಸರಿನ ಮ್ಯಾಲ."

ದ್ರೌಪತಿ ಮೇಜಿನ ಹತ್ತಿರ ಬಂದಳು. "ನನ್ನ ಗಂಡನ... ಮಣ್ಣಿಗೆ ಹೋದಾಂವನ ಹೆಸರಿನ ಮ್ಯಾಲ?"

"ಅದರ ಜವಾಬು?" ಎಂದೆ. "ಬಂತೇನು?"

"ಬಂತು. ಎರಡೂ ಹೆಸರಿನವು ಒಂದೇ ಟಪಾಲಿನಾಗ ಬಂದ್ವು. ಈದ್ ಹಿಂದಿನ ದಿನ." ದಿಗಂಬರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಗಡ್ಡಿ ಅದ, ವೈಜನಾಥ. ಅದನ್ನ ಓದೇ ನಾ ಬಂದೇನವಾಜನ ಮನಿಗೆ ಹೋಗಿದ್ದೆ."